ಗೋಪುರದೊಳಗಿನ ನೆರೆ

ಸವಣೂರಿನ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ಸರಿಸುವಾಗ ಒಳಗೆ ದ್ರವ ತುಳುಕುವುದು ನಿಮ್ಮ ಅನುಭವಕ್ಕೆ ಬಂದಿರಬಹುದು. ಅದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಇಂಥ ಹಗುರ ಹೈಡ್ರೋಕಾರ್ಬನ್‌ಗಳನ್ನು ಬೇರ್ಪಡಿಸುವ ಕೆಲಸ ನಮ್ಮ ಜಿಲ್ಲೆಯ ಎಂ.ಆರ್.ಪಿ.ಎಲ್.ನಂಥ ತೈಲ ಶುದ್ಧೀಕರಣಾಗಾರಗಳ ಉಕ್ಕಿನ ಗೋಪುರಗಳಲ್ಲಿ ನಡೆಯುತ್ತದೆ. ಆ ಗೋಪುರಗಳ ಒಳಗನ್ನು ಕಣ್ಣಿನಿಂದ ನೋಡಲಾಗದು. ಹಾಗಾದರೆ ಬೇರ್ಪಡಿಕೆ ಕೆಟ್ಟಾಗ ಕಾರಣ ಹುಡುಕುವುದು ಹೇಗೆ?

1813ರಲ್ಲಿ ಫ್ರಾನ್ಸಿನ ಸೆಲಿಯೆ ಬ್ಲೂಮೆಂಥಾಲ್ ಸತತವಾಗಿ ಆಸವನ ನಡೆಸುವ ಗೋಪುರಕ್ಕೆ ಪೇಟೆಂಟ್ ಪಡೆದ. ಅದು ಮದ್ಯಸಾರಕ್ಕಾಗಿ, ಪೆಟ್ರೋಲಿಯಂ ಬಂದದ್ದು ಆಮೇಲೆ. ತತ್ತ್ವ ಮಾತ್ರ ಒಂದೇ. ಒಂದರ ಮೇಲೊಂದು ಇರುವ ತಟ್ಟೆಗಳ ರಂಧ್ರಗಳ ಮೂಲಕ ಆವಿ ಮೇಲೇರುತ್ತದೆ, ದ್ರವ ತಟ್ಟೆಯಿಂದ ತಟ್ಟೆಗೆ ಕೆಳಗಿಳಿಯುತ್ತದೆ. ಪ್ರೊಪೇನಿನ ಕುದಿಬಿಂದು -42 ಡಿಗ್ರಿ ಸೆ., ಬ್ಯೂಟೇನಿನದು -0.5 ಡಿಗ್ರಿ ಸೆ. ಆದುದರಿಂದ ಪ್ರತಿ ತಟ್ಟೆಯಲ್ಲೂ ಆವಿ ಪ್ರೊಪೇನಿನಿಂದ ಸ್ವಲ್ಪ ಸ್ವಲ್ಪವೇ ಸಮೃದ್ಧವಾಗುತ್ತದೆ. ಪ್ರೊಪೇನನ್ನು 40 ಡಿಗ್ರಿಯಲ್ಲಿ ದ್ರವವಾಗಿಸಲು ವಾಯುಮಂಡಲದ ಸುಮಾರು 14 ಪಟ್ಟು ಒತ್ತಡ ಬೇಕು. ಗೋಪುರಕ್ಕೆ ದಪ್ಪ ಉಕ್ಕಿನ ಗೋಡೆ ಇರುವುದು ಇದಕ್ಕಾಗಿಯೇ.

ಎಷ್ಟು ತಟ್ಟೆಗಳು ಬೇಕೆಂಬುದನ್ನು ಗ್ರಾಫ್ ಕಾಗದದ ಮೇಲೆ ಎಣಿಸುವ ವಿಧಾನವನ್ನು 1925ರಲ್ಲಿ ಮೆಕೇಬ್ ಮತ್ತು ಥೀಲೆ ಪ್ರಕಟಿಸಿದರು. ತುದಿಯಲ್ಲಿ ಸಾಂದ್ರೀಕರಿಸಿದ ದ್ರವವನ್ನು ಹೆಚ್ಚು ಹೆಚ್ಚಾಗಿ ಮರಳಿ ಸುರಿದರೆ ಬೇರ್ಪಡಿಕೆ ಉತ್ತಮಗೊಳ್ಳುತ್ತದೆ ಎಂದು ಆ ಗ್ರಾಫ್ ಹೇಳುತ್ತದೆ. ಆದರೆ ಆವಿಯ ವೇಗಕ್ಕೆ ಒಂದು ಮಿತಿ ಇದೆಯೆಂದು 1934ರಲ್ಲಿ ಸೌಡರ್ಸ್ ಮತ್ತು ಬ್ರೌನ್ ತೋರಿಸಿದರು. ಆ ಮಿತಿ ದಾಟಿದರೆ ಆವಿ ದ್ರವವನ್ನು ಇಳಿಯಗೊಡುವುದಿಲ್ಲ. ತಟ್ಟೆಗಳ ಮೇಲೆ ದ್ರವ ನಿಂತು ಗೋಪುರದೊಳಗೆ ನೆರೆ ಬರುತ್ತದೆ. ಆವಿ ತೀರಾ ಕಡಿಮೆಯಾದರೆ ಆಗುವುದು ಇದಕ್ಕೆ ವಿರುದ್ಧ: ಮಳೆಗಾಲದಲ್ಲಿ ಹೆಂಚು ಒಡೆದ ಮಾಡಿನಂತೆ ತಟ್ಟೆ ಸೋರುತ್ತದೆ.

ಎರಡರಲ್ಲೂ ರೋಗಲಕ್ಷಣ ಒಂದೇ, ಕೆಟ್ಟ ಬೇರ್ಪಡಿಕೆ. ಮದ್ದು ಮಾತ್ರ ತದ್ವಿರುದ್ಧ. ಸೋರುವ ಗೋಪುರಕ್ಕೆ ಶಾಖ ಹೆಚ್ಚಿಸಬೇಕು. ನೆರೆ ಬಂದ ಗೋಪುರಕ್ಕೆ ಅದನ್ನೇ ಮಾಡಿದರೆ ನೆರೆ ಏರುತ್ತದೆ. ಆದುದರಿಂದ ಬುಡ ಮತ್ತು ತುದಿಗಳ ಒತ್ತಡದ ವ್ಯತ್ಯಾಸವನ್ನು ಮೊದಲು ನೋಡಬೇಕು. ನೆರೆಯಲ್ಲಿ ಅದು ಏರುತ್ತದೆ, ಸೋರಿಕೆಯಲ್ಲಿ ಇಳಿಯುತ್ತದೆ.

ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಗಾಮಾ ಕಿರಣಗಳಿವೆ. ಗೋಪುರದ ಒಂದು ಬದಿಯಲ್ಲಿ ಕೋಬಾಲ್ಟ್-60 ಆಕರ, ಎದುರು ಬದಿಯಲ್ಲಿ ಶೋಧಕ. ಎರಡನ್ನೂ ಜೊತೆಯಾಗಿ ಮೇಲಿನಿಂದ ಕೆಳಕ್ಕೆ ಇಳಿಸುತ್ತಾರೆ. ದ್ರವ ಇರುವಲ್ಲಿ ಎಣಿಕೆ ತಗ್ಗುತ್ತದೆ, ಆವಿ ಇರುವಲ್ಲಿ ಹೆಚ್ಚುತ್ತದೆ. ತಗ್ಗು ಇರಬೇಕಾದಲ್ಲಿ ಇಲ್ಲವಾದರೆ ತಟ್ಟೆ ಕಳಚಿ ಬಿದ್ದಿರಬಹುದು. ಉದ್ದಕ್ಕೂ ತಗ್ಗೇ ಇದ್ದರೆ ನೆರೆ. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ಇಲಾಖೆಯ 'ಬ್ರಿಟ್' ಸಂಸ್ಥೆ ಈ ಸೇವೆ ನೀಡುತ್ತದೆ.

ದ್ರವ ಎಲ್ಲಿದೆ ಎಂದು ತಿಳಿಯದಿದ್ದರೆ ಆಗುವ ನಷ್ಟ ಉತ್ಪನ್ನದ್ದು ಮಾತ್ರವಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಹಗುರ ಮತ್ತು ಭಾರ ಹೈಡ್ರೋಕಾರ್ಬನ್‌ಗಳನ್ನು ಬೇರ್ಪಡಿಸುವ ಗೋಪುರವೊಂದನ್ನು ಚಾಲೂ ಮಾಡುತ್ತಿದ್ದರು. ದ್ರವ ಒಳಬರುತ್ತಲೇ ಇತ್ತು, ಗಂಟೆಗಟ್ಟಲೆ ಹೊರಹೋಗಲಿಲ್ಲ. ಮಟ್ಟಮಾಪಕ ಮಾತ್ರ ಇಳಿಕೆಯನ್ನು ತೋರಿಸುತ್ತಿತ್ತು! ಅದು ಪ್ಲವನ ಬಲವನ್ನು ಅಳೆಯುವ ಸಾಧನ. ಪೂರ್ತಿ ಮುಳುಗಿದ ಮೇಲೆ ಮಟ್ಟ ಎಷ್ಟೇ ಏರಿದರೂ ಆ ಬಲ ಹೆಚ್ಚದು. ದ್ರವ ಬಿಸಿಯಾಗಿ ಸಾಂದ್ರತೆ ಕುಗ್ಗಿದಾಗ ಬಲವೂ ಕುಗ್ಗುತ್ತದೆ. ಉಕ್ಕಿ ಹರಿದ ದ್ರವದ ಆವಿಗೆ ಬೆಂಕಿ ತಗುಲಿ 15 ಮಂದಿ ಸತ್ತರು, ಸುಮಾರು 180 ಮಂದಿ ಗಾಯಗೊಂಡರು.

ಉಪಾಧ್ಯಾಯ ಮಿತ್ರರೇ, ಆರ್ಕಿಮಿಡೀಸನ ತತ್ತ್ವವನ್ನು ಕಲಿಸುವ ದಿನ ಸ್ಪ್ರಿಂಗ್ ತಕ್ಕಡಿಗೆ ಕಲ್ಲೊಂದನ್ನು ಕಟ್ಟಿ ಬಕೆಟಿನ ನೀರಿನಲ್ಲಿ ಮುಳುಗಿಸಿ. ಮುಳುಗಿದ ಮೇಲೆ ಇನ್ನಷ್ಟು ಆಳಕ್ಕೆ ಇಳಿಸಿ. ಮುಳ್ಳು ಕದಲುವುದಿಲ್ಲ. ಈಗ ಆ ಮುಳ್ಳನ್ನು ನೋಡಿ ನೀರಿನ ಆಳ ಎಷ್ಟೆಂದು ಹೇಳಲು ಮಕ್ಕಳನ್ನು ಕೇಳಿ. ಹೇಳಲಾಗದು ಎಂದು ಅವರಿಗೆ ಹೊಳೆದ ಕ್ಷಣದಲ್ಲಿ ಟೆಕ್ಸಾಸ್ ಸಿಟಿಯ ಕಥೆ ತಿಳಿಸಿ.