ಮುಖಕ್ಕೆ ಹೊಂದಿದ ಮುಖವಾಡ

1959ರ ನವೆಂಬರ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಐಸ್ ಹಾಕಿ ಪಂದ್ಯದಲ್ಲಿ ರೇಂಜರ್ಸ್‌ನ ಆಂಡಿ ಬಾತ್‌ಗೇಟ್ ಹೊಡೆದ ಪಕ್, ಅಂದರೆ ಗಟ್ಟಿ ರಬ್ಬರಿನ ಬಿಲ್ಲೆ, ಮಾಂಟ್ರಿಯಲ್ ಕೆನೇಡಿಯನ್ಸ್ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಅವರ ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡ ಪ್ಲಾಂಟ್, ಮುಖವಾಡವಿಲ್ಲದೆ ಮತ್ತೆ ಇಳಿಯುವುದಿಲ್ಲ ಎಂದರು. ತಂಡಗಳು ಬದಲಿ ಗೋಲ್‌ಕೀಪರನ್ನು ಜೊತೆಗಿಟ್ಟುಕೊಳ್ಳದ ಕಾಲವದು. ಕೋಚ್ ಟೋ ಬ್ಲೇಕ್ ಒಪ್ಪಲೇಬೇಕಾಯಿತು.

ಮುಖವಾಡ ನೋಟಕ್ಕೆ ಅಡ್ಡಬರುತ್ತದೆ ಎಂಬುದು ಬ್ಲೇಕ್ ಅವರ ಆತಂಕ. ಅದು ಪೊಳ್ಳೇನಲ್ಲ. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಚರ್ಮದ ಮುಖವಾಡ ತೊಟ್ಟು ಆಡಿದ್ದರು. ಅದರ ಮೂಗಿನ ಭಾಗ ಕಣ್ಣಿಗೆ ಅಡ್ಡವಾದ್ದರಿಂದ ಕೈಬಿಟ್ಟರು. ಪ್ಲಾಂಟ್ ಅವರದನ್ನು ಬಿಲ್ ಬರ್ಚ್‌ಮೋರ್ ಎಂಬವರು ಮುಖದ ಅಚ್ಚು ತೆಗೆದು, ಅದೇ ಅಳತೆಗೆ ಫೈಬರ್‌ಗ್ಲಾಸಿನಲ್ಲಿ ಮಾಡಿದ್ದರು. ಅದು ಮುಖಕ್ಕೆ ಒತ್ತಿ ಕೂರುತ್ತಿತ್ತು.

ಆ ರಾತ್ರಿ ಕೆನೇಡಿಯನ್ಸ್ 3–1ರಿಂದ ಗೆದ್ದಿತು. ಆದರೂ ಬ್ಲೇಕ್‌ಗೆ ಸಮಾಧಾನವಿಲ್ಲ. ಅವರ ಒತ್ತಾಯಕ್ಕೆ 1960ರ ಮಾರ್ಚ್ 8ರಂದು ಪ್ಲಾಂಟ್ ಬರಿಮುಖದಲ್ಲಿ ಆಡಿದರು. ಡೆಟ್ರಾಯಿಟ್ ಎದುರು ತಂಡ 3–0ರಿಂದ ಸೋತಿತು. ಮುಖವಾಡ ಮರಳಿತು. ಆ ವರ್ಷದ ಸ್ಟ್ಯಾನ್ಲಿ ಕಪ್ಪೂ ಕೆನೇಡಿಯನ್ಸ್‌ಗೇ ಬಂತು.

ಮುಖ ಮುಚ್ಚಿಕೊಳ್ಳುವುದು ಅಂಜುಬುರುಕತನವೆಂದು ಆಡಿಕೊಂಡವರಿದ್ದರು. ಬೆನೆಡಿಕ್ಟ್ ಕೂಡ ಧೈರ್ಯ ಸಾಲದೆ ಮುಖವಾಡ ತೊಟ್ಟವರಲ್ಲ, ಧೈರ್ಯ ಬಂದು ಬಿಟ್ಟವರೂ ಅಲ್ಲ. ಅವರಿಗೆ ಸಿಗದೆ ಪ್ಲಾಂಟ್‌ಗೆ ಸಿಕ್ಕಿದ್ದು ಸರಿಯಾದ ಅಳತೆ.