ಸೂಜಿ, ಶಾಯಿ ಮತ್ತು ಅವ್ವನ ಫೋಟೋ

ಗದಗಿನ ಶಾಲೆಯಲ್ಲಿ ನಾವು ಮಸಿ ಮುಗಿಯಿತೆಂದು ಪೆನ್ನು ಎಸೆದವರಲ್ಲ. ಡ್ರಾಪರ್‌ನಿಂದ ತುಂಬಿಕೊಂಡು, ಕೈ-ಅಂಗಿ ಎಲ್ಲಾ ನೀಲಿ ಮಾಡಿಕೊಂಡು ಮತ್ತೆ ಬರೆಯುತ್ತಿದ್ದೆವು. ಅಂಥವನ ಮನೆಗೆ ಬಂದ ಪ್ರಿಂಟರ್ "ಶಾಯಿ ಮುಗಿದಿದೆ, ಹೊಸ ಕಾರ್ಟ್ರಿಜ್ ಹಾಕಿ" ಎಂದು ಹಟ ಹಿಡಿದರೆ ಸಿಟ್ಟು ಬಾರದೇ ಇರುತ್ತದೆಯೇ?

ಆ ಪ್ರಿಂಟರ್ ಕೊಳ್ಳಲು ಕಾರಣ 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಮುಂಬೈ ಸುದ್ದಿಯ ನಡುವೆ ನಮ್ಮ ಬದಲಾಪುರ ಹೆಚ್ಚು ಜನರಿಗೆ ಕಾಣಲಿಲ್ಲ. ಇಲ್ಲಿ ಉಲ್ಹಾಸ ನದಿ ಊರೊಳಗೇ ಬಂದಿತ್ತು. ನಾವಿದ್ದದ್ದು ತಳಮಹಡಿಯ ಮನೆ. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಆಲ್ಬಮ್‌ಗಳು ಕೆಸರಿನಲ್ಲಿ ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಮೆಲ್ಲಗೆ ಬಿಡಿಸಿದಾಗ ಉಳಿದದ್ದು ಹತ್ತೋ ಹನ್ನೆರಡೋ. ಅದರಲ್ಲೊಂದು ಅವ್ವನದು. ಹಸಿರು ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತದ್ದು. ಅವ್ವ ತೀರಿಕೊಂಡು ಆಗಲೇ ಮೂರು ವರ್ಷ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಸ್ಕ್ಯಾನ್ ಮಾಡಿಸಿಟ್ಟೆ. ಮುಂದಿನ ಮಳೆಗಾಲದೊಳಗೆ ಮೂಲ ಫೋಟೋ ಬೂಸ್ಟು ಹಿಡಿದು ಸಿಪ್ಪೆ ಎದ್ದುಹೋಯಿತು.

2006ರಲ್ಲಿ ಲ್ಯಾಮಿಂಗ್ಟನ್ ರೋಡಿನಿಂದ ಆರು ಬಣ್ಣದ ಫೋಟೋ ಪ್ರಿಂಟರ್ ತಂದೆ. ಬ್ಯಾಂಕಿನವನಲ್ಲವೇ, ಮೊದಲ ಸೆಟ್ ಶಾಯಿ ಮುಗಿದಾಗ ಲೆಕ್ಕ ಹಾಕಿದೆ. ಆರು ಕಾರ್ಟ್ರಿಜ್‌ಗಳ ಬೆಲೆ ಹೆಚ್ಚುಕಡಿಮೆ ಪ್ರಿಂಟರಿನ ಅರ್ಧದ ಮೇಲಾಯಿತು! ಎಮ್ಮೆ ಅಗ್ಗ, ಹಿಂಡಿ ದುಬಾರಿ. ಕಂಪನಿಗಳ ವ್ಯಾಪಾರದ ಗುಟ್ಟೇ ಇದು.

ಈ ಯಂತ್ರದ ಚರಿತ್ರೆಯಲ್ಲಿ ಒಂದು ತಮಾಷೆ ಇದೆ. 1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಎಂಬ ಇಂಜಿನಿಯರ್ ಕೆಲಸ ಮಾಡುತ್ತಿದ್ದಾಗ, ಕಾದ ಸೋಲ್ಡರಿಂಗ್ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿತಂತೆ. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಕಾಯಿಸಿದರೆ ಗುಳ್ಳೆ ಎದ್ದು ಶಾಯಿಯನ್ನು ಹೊರದಬ್ಬುತ್ತದೆ. ಬಬಲ್ ಜೆಟ್ ಹುಟ್ಟಿದ್ದು ಹೀಗೆ. ಅತ್ತ ಅಮೆರಿಕದ ಎಚ್‌ಪಿ ಕೂಡ ಇದೇ ತತ್ವವನ್ನು ಬೇರೆಯಾಗಿ ಕಂಡುಕೊಂಡು 1984ರಲ್ಲಿ ಥಿಂಕ್‌ಜೆಟ್ ಮಾರಿತು. ಶಾಯಿ ಚಿಮ್ಮಿಸುವ ಹೆಡ್ಡನ್ನು ಕಾರ್ಟ್ರಿಜ್‌ಗೇ ಜೋಡಿಸಿ, ಮುಗಿದೊಡನೆ ಎಸೆಯಿರಿ ಎಂದದ್ದು ಅವರು. ಎಪ್ಸನ್‌ನವರ ದಾರಿ ಬೇರೆ. ಕಾಯಿಸುವುದಿಲ್ಲ, ವಿದ್ಯುತ್ ಕೊಟ್ಟಾಗ ಬಾಗುವ ಪೀಜೋ ಹರಳಿನಿಂದ ಶಾಯಿಯನ್ನು ಒತ್ತುವುದು. ಅಲ್ಲಿ ಹೆಡ್ ಯಂತ್ರದಲ್ಲೇ ಇರುತ್ತದೆ, ಬದಲಾಗುವುದು ಶಾಯಿಯ ಡಬ್ಬಿ ಮಾತ್ರ.

ಸಿರಿಂಜಿನಿಂದ ಹುಟ್ಟಿದ ಯಂತ್ರಕ್ಕೆ ನಾವು ಸಿರಿಂಜನ್ನೇ ಚುಚ್ಚಿದೆವು. ಭಾನುವಾರ ಮಧ್ಯಾಹ್ನ ಹಳೆಯ ಮರಾಠಿ ಪೇಪರ್ ಹಾಸಿ, ಕಲ್ಯಾಣದಿಂದ ತಂದ ಬಾಟಲಿಗಳನ್ನು ಸಾಲಾಗಿ ಇಟ್ಟು, ಒಂದೊಂದು ಬಣ್ಣಕ್ಕೆ ಒಂದೊಂದು ಸೂಜಿ. ಅವಸರ ಮಾಡಿದರೆ ಒಳಗೆ ಗಾಳಿ ಸೇರಿ ಫೋಟೋದಲ್ಲಿ ಗೆರೆ ಬೀಳುತ್ತದೆ. ಹೆಂಡತಿ ಬಾಗಿಲಲ್ಲಿ ನಿಂತು "ಡಾಕ್ಟರ್ ಸಾಹೇಬ್ರ ಆಪರೇಶನ್ ಮುಗೀತೇನು?" ಎಂದು ಕೇಳುವಳು.

ಕಂಪನಿಗಳೂ ಸುಮ್ಮನಿರಲಿಲ್ಲ. 1990ರ ದಶಕದ ಕೊನೆಯಿಂದ ಡಬ್ಬಿಗಳ ಮೇಲೆ ಚಿಪ್ ಬಂತು. ಅದು ಹನಿ ಎಣಿಸಿ "ಖಾಲಿ" ಎಂದರೆ, ನೀವು ತುಂಬಿಸಿದ್ದರೂ ಖಾಲಿಯೇ. ಪ್ರಿಸಮ್ಮಿನಿಂದಷ್ಟೇ ಮಟ್ಟ ನೋಡುತ್ತಿದ್ದ ಕ್ಯಾನನ್ ಡಬ್ಬಿಗಳಿಗೂ 2005ರಲ್ಲಿ ಚಿಪ್ ಅಂಟಿತು. ಅದಕ್ಕೆ ನಮ್ಮವರು ರಿಸೆಟ್ಟರ್ ತಂದರು. ತಾನಾಗಿಯೇ ಮರುಹೊಂದುವ ಚಿಪ್ಪಿನ, ಮತ್ತೆ ಮತ್ತೆ ತುಂಬುವ ಡಬ್ಬಿಗಳೂ ಬಂದವು. ಕೊನೆಗೆ ಬಾಟಲಿಗಳನ್ನು ಹೊರಗಿಟ್ಟು ಕೊಳವೆಯಿಂದ ಶಾಯಿ ಹರಿಸುವ ಏರ್ಪಾಟು. ಹತ್ತು ನಿಮಿಷದಲ್ಲಿ ಪಾಸ್‌ಪೋರ್ಟ್ ಫೋಟೋ ಕೊಡುವ ಸ್ಟೇಷನ್ ಪಕ್ಕದ ಸ್ಟುಡಿಯೋಗಳಲ್ಲಿ ಆ ಕೊಳವೆಗಳನ್ನು ನೀವು ನೋಡಿರುತ್ತೀರಿ, ಆಸ್ಪತ್ರೆಯ ಸಲಾಯಿನ್‌ನಂತೆ.

ಜಗಳ ಕೋರ್ಟಿಗೂ ಹೋಯಿತು. ಕ್ಯಾನನ್‌ನ ಖಾಲಿ ಡಬ್ಬಿಗಳಿಗೆ ಶಾಯಿ ತುಂಬಿಸಿ ಮಾರುತ್ತಿದ್ದ ರಿಸೈಕಲ್ ಅಸಿಸ್ಟ್ ಕಂಪನಿಗೆ 2007ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಪೇಟೆಂಟ್ ಉಲ್ಲಂಘನೆ ಎಂದಿತು. ಹತ್ತು ವರ್ಷದ ಮೇಲೆ, 2017ರಲ್ಲಿ, ಲೆಕ್ಸ್‌ಮಾರ್ಕ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ತದ್ವಿರುದ್ಧ ಹೇಳಿತು: ಒಮ್ಮೆ ಮಾರಿದ ಡಬ್ಬಿಯ ಮೇಲೆ ಪೇಟೆಂಟಿನ ಹಿಡಿತ ಇಲ್ಲ. ನನ್ನ ಮತ ಯಾವುದಕ್ಕೆ ಎಂದು ಬೇರೆ ಹೇಳಬೇಕೇ?

ಆದರೆ ತೀರ್ಪಿಗಿಂತ ಮೊದಲೇ ಪೇಟೆ ತೀರ್ಮಾನಿಸಿತ್ತು. ಇಂಡೋನೇಷ್ಯಾದಲ್ಲಿ ತಮ್ಮ ಪ್ರಿಂಟರುಗಳಿಗೇ ಬೇರೆಯವರು ಬಾಟಲಿ, ಕೊಳವೆ ಜೋಡಿಸಿ ಮಾರುವುದನ್ನು ಕಂಡ ಎಪ್ಸನ್ 2010ರಲ್ಲಿ ಅಲ್ಲೇ ಎಲ್100 ಎಂಬ ಟ್ಯಾಂಕ್ ಪ್ರಿಂಟರನ್ನು ತಾನೇ ತಂದಿತು. ಭಾರತಕ್ಕೆ ಬರಲು ತಡವಾಗಲಿಲ್ಲ. ಹಳೆಯ ಡಬ್ಬಿಗಳಲ್ಲಿ ಹತ್ತು-ಹದಿಮೂರು ಮಿಲಿಲೀಟರ್ ಶಾಯಿ, ಇಲ್ಲಿ 70ರ ಬಾಟಲಿ. ಯಂತ್ರಕ್ಕೆ ಬೆಲೆ ಹೆಚ್ಚು, ಶಾಯಿಗೆ ಕಡಿಮೆ. ಕ್ಯಾನನ್, ಎಚ್‌ಪಿ ಕೂಡ ಹಿಂದೆ ಬಂದವು. ನಾವು ಕದ್ದುಮುಚ್ಚಿ ಮಾಡುತ್ತಿದ್ದದ್ದೇ ಗ್ಯಾರಂಟಿ ಸಮೇತ ಅಂಗಡಿಗೆ ಬಂತು.

ಇಲ್ಲಿಯವರೆಗೆ ಗೆದ್ದವನ ಕಥೆ. ಇನ್ನು ಸೋತದ್ದನ್ನೂ ಹೇಳಬೇಕು.

ಬಾಟಲಿ ಶಾಯಿಯಿಂದ ಅವ್ವನ ಫೋಟೋ ಎರಡು ತೆಗೆದಿದ್ದೆ. ಒಂದನ್ನು ಹಾರ್ಡ್‌ಬೋರ್ಡಿಗೆ ಅಂಟಿಸಿ ನಮ್ಮ ಹಾಲ್‌ನಲ್ಲಿ ಹಾಕಿದೆ. ಇನ್ನೊಂದು ಗದಗಿನ ಅಕ್ಕನಿಗೆ. ಅಕ್ಕ ಅದಕ್ಕೆ ಗಾಜಿನ ಕಟ್ಟು ಹಾಕಿಸಿದಳು. ಒಂದೂವರೆ ವರ್ಷದಲ್ಲಿ ನಮ್ಮ ಗೋಡೆಯ ಅವ್ವ ಕೇಸರಿಯಾಗತೊಡಗಿದಳು. ಹಸಿರು ಸೀರೆ ಮೊದಲು ಹಳದಿ, ಆಮೇಲೆ ತುಕ್ಕಿನ ಬಣ್ಣ. ಬಿಸಿಲು ಬೀಳದ ಗೋಡೆ ಅದು!

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಹಸಿರು ಮೂಡುವುದು ಸಯಾನ್ ಮತ್ತು ಹಳದಿ ಸೇರಿ. ಗಾಳಿಯಲ್ಲಿರುವ ಓಜೋನ್ ಸಯಾನ್ ಬಣ್ಣವನ್ನು ತಿನ್ನುತ್ತದೆ. ಬೇಗ ಒಣಗಲೆಂದು ಮಾಡಿದ ಸೂಕ್ಷ್ಮ ರಂಧ್ರದ ಫೋಟೋ ಕಾಗದದಲ್ಲಿ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. 2000ದಲ್ಲಿ ಎಪ್ಸನ್‌ನ ಸ್ಟೈಲಸ್ ಫೋಟೋ 1270 ಬಂದಾಗ, ಕಂಪನಿಯದೇ ಶಾಯಿ, ಕಂಪನಿಯದೇ ಕಾಗದವಿದ್ದೂ ಕೆಲವರ ಚಿತ್ರಗಳು ಕೆಲವೇ ವಾರಗಳಲ್ಲಿ ಕೇಸರಿಯಾಗಿ ದೊಡ್ಡ ಗದ್ದಲವಾಗಿತ್ತು. ಆಮೇಲೆ ಅವರು ಶಾಯಿ, ಕಾಗದ ಸುಧಾರಿಸಿದರು. ನನ್ನ ಬಾಟಲಿಯ ಮೇಲೆ ತಯಾರಿಸಿದವರ ಹೆಸರೂ ಇರಲಿಲ್ಲ. ಉಳಿತಾಯದ ಲೆಕ್ಕದಲ್ಲಿ ಆ ಕಾಲಮ್ಮೇ ಹಾಕಿರಲಿಲ್ಲ ನಾನು.

ಮತ್ತೊಂದು ತೆಗೆಯೋಣವೆಂದರೆ ಸ್ಕ್ಯಾನ್ ಇದ್ದ ಹಾರ್ಡ್ ಡಿಸ್ಕ್ ಸತ್ತಿತ್ತು, ಸಿಡಿ ಓದಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ನಿನ್ನದನ್ನು ಕಳಿಸು, ನಕಲು ಮಾಡಿ ಕೊಡುತ್ತೇನೆ ಎಂದೆ.

"ಒಮ್ಮೆ ನೀರಾಗ ಹಾಕಿದಿ, ಒಮ್ಮೆ ಬಣ್ಣಾ ಕಳದಿ. ಅವ್ವ ಎಲ್ಲೂ ಬರೂದಿಲ್ಲ. ನೀನ ಬಂದು ನೋಡಿ ಹೋಗು" ಎಂದಳು.

ಕಳೆದ ದಸರಾಕ್ಕೆ ಗದಗಿಗೆ ಹೋದಾಗ ಮೊಬೈಲಿನಲ್ಲಿ ಹಿಡಿದುಕೊಂಡು ಬಂದೆ. ಕಟ್ಟು ಬಿಚ್ಚಲು ಅಕ್ಕ ಬಿಡಲಿಲ್ಲ. ಮನೆಯ ಟ್ಯಾಂಕ್ ಪ್ರಿಂಟರಿನಲ್ಲಿ ಕಂಪನಿಯ ಶಾಯಿಯಿಂದಲೇ ತೆಗೆದು ಗಾಜು ಹಾಕಿಸಿದ್ದೇನೆ. ಸೀರೆ ಹಸಿರಾಗಿಯೇ ಇದೆ. ಅವ್ವನ ಎಡಭುಜದ ಮೇಲೆ ಮಾತ್ರ ಅಕ್ಕನ ಮನೆಯ ಟ್ಯೂಬ್‌ಲೈಟಿನದೊಂದು ಬಿಳಿ ಗೆರೆ.