ಜಕ್ಕೂರಿನ ವಿಮಾನ ದುರಂತ: ವದಂತಿಯೂ ವಿಚಾರಣೆಯೂ

ನಮ್ಮ ಅಜ್ಜ ಕಾಗದ ಬರೆಯುವಾಗ ಊರಿನ ಹೆಸರಿನ ಕೆಳಗೆ ಸೇಲಂ ಜಿಲ್ಲೆ ಎಂದು ಬರೆಯುತ್ತಿದ್ದರು. 1965ರಲ್ಲಿ ಜಿಲ್ಲೆ ಒಡೆದ ಮೇಲೆ ಅಪ್ಪ ಧರ್ಮಪುರಿ ಎಂದು ಬರೆದರು. 2004ರ ಫೆಬ್ರವರಿಯಲ್ಲಿ ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಸೀಮೆ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಮನೆಮಾತು ಕನ್ನಡವೇ ಉಳಿಯಿತು. ನಮಗೆ ಚೆನ್ನೈ ದೂರ, ಬೆಂಗಳೂರು ಹತ್ತಿರ. ಅಲ್ಲಿಯ ಸಾವುನೋವು ನಮ್ಮ ಮನೆಯದೇ ಎನಿಸುತ್ತದೆ.

ಹೊಸೂರಿನ ಬಳಿಯ ಬೆಳಗೊಂಡಪಲ್ಲಿಯಲ್ಲಿ ಖಾಸಗಿ ವಿಮಾನ ಕಾರ್ಖಾನೆಯೂ ರನ್‌ವೇಯೂ ಇರುವುದರಿಂದ ಸಣ್ಣ ವಿಮಾನ ನಮಗೆ ಹೊಸದಲ್ಲ. ಆದರೆ ಅದು ಬಿದ್ದರೆ ಏನಾಗುತ್ತದೆಂದು ನಾವು ಯೋಚಿಸಿದ್ದು 2004ರ ಏಪ್ರಿಲ್ 17ರ ಶನಿವಾರ.

ಅಂದು ಬೆಳಗ್ಗೆ ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಸೆಸ್ನಾ 180 ವಿಮಾನ ಕೆಲವೇ ಕ್ಷಣಗಳಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಉರಿಯಿತು. ಚುನಾವಣಾ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟಿದ್ದ ನಟಿ ಸೌಂದರ್ಯ, ಅವರ ಅಣ್ಣ ಅಮರನಾಥ್, ಪೈಲಟ್ ಹಾಗೂ ಒಬ್ಬ ಕಾರ್ಯಕರ್ತ, ನಾಲ್ವರೂ ತೀರಿಕೊಂಡರು. ಸೌಂದರ್ಯ ಮುಳಬಾಗಿಲು ಕಡೆಯ ಮನೆತನದವರು. ತಾವೇ ನಿರ್ಮಿಸಿ ನಟಿಸಿದ 'ದ್ವೀಪ' ಚಿತ್ರಕ್ಕೆ ಸ್ವರ್ಣಕಮಲ ಬಂದಿತ್ತು. ಮಲಯಾಳದ 'ಕಿಳಿಚುಂಡನ್ ಮಾಂಬಳಂ' ಚಿತ್ರದಲ್ಲಿ ಮೋಹನ್‌ಲಾಲ್ ಜೊತೆ ಅಭಿನಯಿಸಿದ್ದರು.

ಅವರು ಹೋದ ಮೇಲೆ, ಅದೇ ವರ್ಷ ಆಗಸ್ಟ್‌ನಲ್ಲಿ, 'ಆಪ್ತಮಿತ್ರ' ಬಿಡುಗಡೆಯಾಯಿತು. 1993ರ ಮಲಯಾಳ ಚಿತ್ರ 'ಮಣಿಚಿತ್ರತಾಳ್'ನ ಕನ್ನಡ ರೂಪವದು. ಅಲ್ಲಿಂದ ಒಂದು ಮಾತು ಊರೂರು ಸುತ್ತಿತು: ನಾಗವಲ್ಲಿಯ ಪಾತ್ರ ಮಾಡಿದ್ದಕ್ಕೇ ಹೀಗಾಯಿತು. ನಮ್ಮ ಜಗಲಿಯಲ್ಲೂ ಹಿರಿಯರು ತಲೆದೂಗಿದರು. ನಾನೂ ಸುಮ್ಮನೆ ಕೇಳಿಸಿಕೊಂಡೆ. ಆ ಮೌನಕ್ಕೆ ಇಂದು ನಾಚುತ್ತೇನೆ. ಮಲಯಾಳದಲ್ಲಿ ಅದೇ ಪಾತ್ರ ಮಾಡಿದ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದು ಆಮೇಲೂ ವರ್ಷಗಟ್ಟಲೆ ನೃತ್ಯ ಮಾಡಿದರು. ಭೂತವೆಂದು ಬೆದರಬೇಡಿ, ಕಾರಣ ಹುಡುಕಿ ಎನ್ನುವುದೇ ಆ ಕಥೆಯ ತಿರುಳು. ಕಥೆ ಮೆಚ್ಚಿದ ನಾವು ತಿರುಳು ಬಿಟ್ಟೆವು.

ಕಾರಣ ಹುಡುಕುವವರ ದಾರಿಯೇ ಬೇರೆ. ದೊಡ್ಡ ವಿಮಾನಗಳಲ್ಲಿರುವ 'ಕಪ್ಪು ಪೆಟ್ಟಿಗೆ' ಇಂಥ ಒಂಟಿ ಎಂಜಿನ್ನಿನ, ನಾಲ್ಕು ಸೀಟಿನ ವಿಮಾನಕ್ಕೆ ಕಡ್ಡಾಯವಲ್ಲ. ಹಾಗಾಗಿ ಅವಶೇಷವೇ ಸಾಕ್ಷಿ ಹೇಳಬೇಕು. ಪಂಖದ ಅಲಗು ಬಾಗಿದ ರೀತಿ ನೋಡಿದರೆ ನೆಲಕ್ಕೆ ಬಡಿದಾಗ ಎಂಜಿನ್ ಶಕ್ತಿ ಕೊಡುತ್ತಿತ್ತೇ ಎಂಬುದರ ಸುಳಿವು ಸಿಗುತ್ತದೆ. ಇಂಧನದ ಮಾದರಿ, ರಿಪೇರಿಯ ದಾಖಲೆ, ಪೈಲಟ್ಟಿನ ಹಾರಾಟದ ಪುಸ್ತಕ, ಪ್ರಯಾಣಿಕರ ಮತ್ತು ಸಾಮಾನಿನ ತೂಕ, ಗಾಳಿಯ ದಿಕ್ಕು, ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಏಪ್ರಿಲ್ ಬಿಸಿಲಿಗೆ ಅಲ್ಲಿಯ ಗಾಳಿ ಇನ್ನೂ ತೆಳುವಾಗುತ್ತದೆ. ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ. ಮೇಲೇರುವಾಗ ವೇಗ ತಗ್ಗಿ ರೆಕ್ಕೆಯ ಹಿಡಿತ ತಪ್ಪಿದರೆ, ನೆಲ ಹತ್ತಿರವಿರುವಾಗ ಸರಿಪಡಿಸಿಕೊಳ್ಳಲು ಸಮಯವಿರುವುದಿಲ್ಲ. ಆದ್ದರಿಂದಲೇ ತೂಕದ ಲೆಕ್ಕಕ್ಕೆ ಅಷ್ಟು ಬೆಲೆ. ಕಂಡವರ ಮಾತನ್ನೂ ಕೇಳುತ್ತಾರೆ, ಆದರೆ ಲೋಹದ ಗುರುತಿನೊಡನೆ ತಾಳೆ ನೋಡಿಯೇ ಒಪ್ಪುತ್ತಾರೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1951ರಿಂದ ಇದಕ್ಕೊಂದು ಕಟ್ಟಳೆ ಇಟ್ಟಿದೆ. ತನಿಖೆಯ ಉದ್ದೇಶ ಯಾರ ಮೇಲೂ ತಪ್ಪು ಹೊರಿಸುವುದಲ್ಲ, ಮುಂದಿನ ಅಪಘಾತ ತಡೆಯುವುದು. 2004ರಲ್ಲಿ ನಮ್ಮ ದೇಶದಲ್ಲಿ ಪರವಾನಗಿ ಕೊಡುವ ನಿರ್ದೇಶನಾಲಯವೇ ಅಪಘಾತದ ತನಿಖೆಯನ್ನೂ ನೋಡಿಕೊಳ್ಳುತ್ತಿತ್ತು. ಪ್ರತ್ಯೇಕ ತನಿಖಾ ಬ್ಯೂರೋ ಬಂದದ್ದು 2012ರಲ್ಲಿ.

ಅದಕ್ಕೆ ಮೊದಲೇ ಎಚ್ಚರಿಕೆಗಳು ಸಾಲುಗಟ್ಟಿದ್ದವು. 2001ರಲ್ಲಿ ಸಭೆಗೆಂದು ಕಾನ್ಪುರಕ್ಕೆ ಹೊರಟ ಮಾಧವರಾವ್ ಸಿಂಧಿಯಾ ಸಣ್ಣ ವಿಮಾನದಲ್ಲಿ ತೀರಿಕೊಂಡರು. 2002ರಲ್ಲಿ ಲೋಕಸಭಾಧ್ಯಕ್ಷ ಬಾಲಯೋಗಿ, 2009ರಲ್ಲಿ ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ ಹೆಲಿಕಾಪ್ಟರಿನಲ್ಲಿ ಹೋದರು. ಇವರಾರೂ ನಾಗವಲ್ಲಿಯ ವೇಷ ಹಾಕಿದವರಲ್ಲ. ಒಂದೊಂದು ದುರಂತಕ್ಕೂ ಅದರದೇ ಕಾರಣವಿದೆ. ಅದನ್ನು ಒಂದೊಂದಾಗಿಯೇ ಹುಡುಕಬೇಕು.

ಶಾಪವೆಂದರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ತೂಕ ನೋಡಬೇಕಿಲ್ಲ, ಎಂಜಿನ್ ಬಿಚ್ಚಬೇಕಿಲ್ಲ, ಯಾರೂ ಉತ್ತರ ಹೇಳಬೇಕಿಲ್ಲ. ಅಂದು ಪೈಲಟ್ಟಿನ ಮನೆಯಲ್ಲೂ ಆ ಕಾರ್ಯಕರ್ತರ ಮನೆಯಲ್ಲೂ ಅತ್ತವರಿದ್ದರು. ಅವರಿಗೆ ಕಟ್ಟುಕಥೆ ಬೇಕಿರಲಿಲ್ಲ. ನಮ್ಮ ಮಕ್ಕಳು ಜಗಲಿಯಲ್ಲಿ ಆ ದಿನದ ಮಾತೆತ್ತಿದರೆ, ಈಗ ನಾನು ನಾಗವಲ್ಲಿಯ ಮಾತು ಬಿಟ್ಟು ಪಂಖದ ಅಲಗಿನಿಂದ ಶುರುಮಾಡುತ್ತೇನೆ.